ದುಬೈ ಶಾಲೆಯ ಕೆಲಸ: ಏಜೆಂಟ್, ವೀಸಾ, ಆಫರ್ ಲೆಟರ್ ನಾನು ನೋಡಿಕೊಂಡದ್ದು ಹೀಗೆ

ನಾನು ದುಬೈನ ಒಂದು ಖಾಸಗಿ ಶಾಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಇಲ್ಲಿಗೆ ಬರಬೇಕು ಅಂತಿರುವ ಟೀಚರ್‌ಗಳು ಫೋನ್ ಮಾಡಿದರೆ ಮೊದಲು ಕೇಳುವುದು ಸಂಬಳದ ವಿಷಯ. ನಾನು ಅವರನ್ನು ಮೊದಲು ಕೇಳುವುದು ವೀಸಾದ ವಿಷಯ. ಯಾವ ವೀಸಾ ಕೊಡ್ತೀವಿ ಅಂದಿದ್ದಾರೆ, ಆಫರ್ ಲೆಟರ್ ಯಾರ ಹೆಸರಲ್ಲಿದೆ? ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. "ಅದೆಲ್ಲ ಏಜೆಂಟ್ ನೋಡ್ಕೋತಾರಂತೆ" ಅನ್ನುತ್ತಾರೆ. ನನಗೆ ಭಯ ಆಗುವುದೇ ಆ ಮಾತಿಗೆ. ಹಾಗಾಗಿ ನಾನು ಬರುವಾಗ ಏನೇನು ನೋಡಿಕೊಂಡೆ ಅಂತ ಬರೆಯುತ್ತಿದ್ದೇನೆ.

ಮೊದಲು ಏಜೆಂಟ್. ಭಾರತದಿಂದ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಲೇಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ನನ್ನನ್ನು ಮೊದಲು ಸಂಪರ್ಕಿಸಿದ ಏಜೆಂಟ್ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಕೇಳಿದ್ದಕ್ಕೆ, "ನೀವು ಡಿಗ್ರಿ ಓದಿದವರು ಮೇಡಂ, ನಿಮ್ಮ ಪಾಸ್‌ಪೋರ್ಟ್ ಇಸಿಆರ್ ಅಲ್ಲ, ನಿಮಗೆ ಅದೆಲ್ಲ ಬರಲ್ಲ" ಎಂದರು. ಇಸಿಆರ್ ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದ ಅನುಮತಿ, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾದ ಪಾಸ್‌ಪೋರ್ಟ್. ಅವರು ಹೇಳಿದ್ದು ಅರ್ಧ ಸತ್ಯ. ಹತ್ತನೇ ತರಗತಿ ಪಾಸಾದವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಡ, ಅದು ನಿಜ. ಆದರೆ ನಮಗೆ ಕ್ಲಿಯರೆನ್ಸ್ ಬೇಡ ಅಂದ ಮಾತ್ರಕ್ಕೆ ಏಜೆಂಟ್‌ಗೆ ನೋಂದಣಿ ಬೇಡ ಅಂತಲ್ಲ.

ದುಡ್ಡಿನ ವಿಷಯವೂ ಹೀಗೇ. ನೋಂದಾಯಿತ ಏಜೆಂಟ್ ಕೂಡ ನಮ್ಮಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡದ್ದಕ್ಕೆ ರಸೀದಿ ಕೊಡಬೇಕು. ಇನ್ನು ಯುಎಇ ಕಡೆಯ ಕಾನೂನು ಇನ್ನೂ ಕಟ್ಟುನಿಟ್ಟು. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿ ಖರ್ಚನ್ನು ಕೆಲಸಗಾರರ ತಲೆಗೆ ಕಟ್ಟುವ ಹಾಗೇ ಇಲ್ಲ, ನೇರವಾಗಿಯೂ ಇಲ್ಲ, ಸುತ್ತುಬಳಸಿಯೂ ಇಲ್ಲ. ಆದ್ದರಿಂದ "ವೀಸಾ ಚಾರ್ಜ್" ಅಂತ ಯಾರಾದರೂ ಲಕ್ಷದ ಲೆಕ್ಕದಲ್ಲಿ ಮಾತಾಡಿದರೆ ಅಲ್ಲಿಗೇ ಮಾತು ಮುಗಿಸಿಬಿಡಿ.

ಅದೇ ಏಜೆಂಟ್ ಇನ್ನೊಂದು ಮಾತು ಹೇಳಿದರು. "ಶಾಲೆ ಶುರುವಾಗಿದೆ ಮೇಡಂ, ವಿಸಿಟ್ ವೀಸಾದಲ್ಲಿ ಹೋಗಿ ಸೇರ್ಕೊಂಡ್ಬಿಡಿ, ಆಮೇಲೆ ಅಲ್ಲೇ ಚೇಂಜ್ ಮಾಡಿಸ್ತೀವಿ." ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರು ಇದ್ದಾರೆ, ಇಂಟರ್‌ವ್ಯೂ ಕೊಡುವುದರಲ್ಲಿ ತಪ್ಪಿಲ್ಲ, ಕೆಲಸ ಸಿಕ್ಕ ಮೇಲೆ ದೇಶದೊಳಗೇ ವೀಸಾ ಸ್ಟೇಟಸ್ ಬದಲಿಸಿಕೊಳ್ಳಲೂಬಹುದು. ಆದರೆ ಕೆಲಸದ ಪರ್ಮಿಟ್ ಬರುವ ಮುಂಚೆ ತರಗತಿಯಲ್ಲಿ ನಿಂತು ಪಾಠ ಮಾಡುವುದು ಅಕ್ರಮ. ಪರ್ಮಿಟ್ ಇಲ್ಲದೆ ದುಡಿಸಿಕೊಳ್ಳುವವರಿಗೆ 2024ರ ತಿದ್ದುಪಡಿಯಲ್ಲಿ 1 ಲಕ್ಷದಿಂದ 10 ಲಕ್ಷ ದಿರ್ಹಮ್ ತನಕ ದಂಡ ಇಟ್ಟಿದ್ದಾರೆ ಅಂದರೆ ಅಲ್ಲಿನ ಸರ್ಕಾರ ಇದನ್ನು ಎಷ್ಟು ಗಂಭೀರವಾಗಿ ನೋಡುತ್ತದೆ ಅಂತ ನೀವೇ ಯೋಚಿಸಿ. ಸಿಕ್ಕಿಬಿದ್ದರೆ ಟೀಚರ್ ಗತಿಯೇನು? ಏಜೆಂಟ್ ಅಂತೂ ಪಕ್ಕದಲ್ಲಿ ಬಂದು ನಿಲ್ಲುವುದಿಲ್ಲ. ಬೇಡ ಎಂದೆ.

ಆಮೇಲೆ ನಾನು ಶಾಲೆಗಳಿಗೇ ನೇರವಾಗಿ ಅರ್ಜಿ ಹಾಕಲು ಶುರು ಮಾಡಿದೆ. ದುಬೈನಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಬ್ರಿಟಿಷ್ ಮತ್ತು ಅಮೆರಿಕನ್ ಪಠ್ಯಕ್ರಮದ ಹೆಚ್ಚಿನ ಶಾಲೆಗಳು ಆಗಸ್ಟ್ ಕೊನೆಗೆ. ಇದು ಗೊತ್ತಿದ್ದರೆ ಅರ್ಜಿ ಯಾವಾಗ ಹಾಕಬೇಕು ಅನ್ನುವುದು ತಿಳಿಯುತ್ತದೆ, "ನಾಳೆಯೇ ಹೊರಡಿ" ಅನ್ನುವವರ ಮಾತು ಎಷ್ಟು ನಂಬಬಹುದು ಅನ್ನುವುದೂ ತಿಳಿಯುತ್ತದೆ.

ಶಾಲೆಯ ಬಗ್ಗೆ ತಿಳಿಯಲು ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಕೆಎಚ್‌ಡಿಎ ವರದಿಗಳು. ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇದು. ಶಾಲೆಗಳ ತಪಾಸಣಾ ವರದಿಗಳನ್ನು ತನ್ನ ವೆಬ್‌ಸೈಟ್‌ನಲ್ಲೇ ಹಾಕಿದೆ. ಎಲ್ಲರೂ ಶಾಲೆಗೆ ಕೊಟ್ಟ ಗ್ರೇಡ್ ನೋಡುತ್ತಾರೆ, ನಾನು ಮೊದಲ ಪುಟಗಳಲ್ಲಿ ಶಾಲೆಯ ವಿವರ ಇರುವ ಕಡೆ ನೋಡಿದೆ. ಟೀಚರ್‌ಗಳು ಎಷ್ಟು ಜನ, ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು, ಆ ವರ್ಷ ಶೇಕಡಾ ಎಷ್ಟು ಟೀಚರ್‌ಗಳು ಬಿಟ್ಟು ಹೋದರು, ಎಲ್ಲ ಅಲ್ಲೇ ಬರೆದಿತ್ತು. ಪ್ರತಿ ವರ್ಷ ತುಂಬಾ ಟೀಚರ್‌ಗಳು ಬಿಟ್ಟು ಹೋಗುತ್ತಿದ್ದರೆ ಒಳಗೆ ಏನೋ ಸರಿಯಿಲ್ಲ ಅಂತಲೇ ಅಲ್ವಾ? ಆಫರ್ ಬಂದ ಮೇಲೂ ಇಮೇಲ್‌ನಲ್ಲಿದ್ದ ನಂಬರ್‌ಗೆ ಕರೆ ಮಾಡಲಿಲ್ಲ. ಶಾಲೆಯ ವೆಬ್‌ಸೈಟ್‌ನಲ್ಲಿದ್ದ ನಂಬರ್‌ಗೆ ಮಾಡಿ, ಈ ಹುದ್ದೆ ಇದೆಯಾ, ಈ ಪತ್ರ ನೀವೇ ಕಳಿಸಿದ್ದಾ ಅಂತ ಕೇಳಿ ಖಾತ್ರಿ ಮಾಡಿಕೊಂಡೆ.

ಆಫರ್ ಲೆಟರ್ ಓದುವುದರಲ್ಲಿ ಅವಸರ ಮಾಡಬೇಡಿ. ಒಟ್ಟು ಸಂಬಳದ ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ನೋಡಬೇಕಾದ್ದು ಬೇಸಿಕ್ ಎಷ್ಟು ಅಂತ. ಯಾಕೆಂದರೆ ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ ಮಾತ್ರ. ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಎರಡು ಶಾಲೆಗಳು 6,000 ದಿರ್ಹಮ್ ಕೊಡುತ್ತೇವೆ ಅನ್ನುತ್ತವೆ ಅಂತ ಇಟ್ಟುಕೊಳ್ಳಿ. ಒಂದರಲ್ಲಿ ಬೇಸಿಕ್ 4,000, ಇನ್ನೊಂದರಲ್ಲಿ 2,000, ಉಳಿದದ್ದೆಲ್ಲ ಮನೆ, ಓಡಾಟದ ಅಲೋಯನ್ಸ್. ಮೊದಲನೆಯದರಲ್ಲಿ ವರ್ಷಕ್ಕೆ 2,800 ದಿರ್ಹಮ್ ಗ್ರಾಚ್ಯುಟಿ ಸೇರುತ್ತದೆ, ಎರಡನೆಯದರಲ್ಲಿ 1,400. ತಿಂಗಳ ಕೊನೆಗೆ ಕೈಗೆ ಬರುವುದು ಒಂದೇ, ಹೊರಡುವ ದಿನ ಅರ್ಧಕ್ಕರ್ಧ ವ್ಯತ್ಯಾಸ. ಮನೆ ಕೊಡುತ್ತೇವೆ ಅಂದರೆ ಒಬ್ಬರಿಗೋ, ರೂಮ್ ಹಂಚಿಕೊಳ್ಳಬೇಕೋ ಅನ್ನುವುದನ್ನೂ ಬರೆಸಿಕೊಳ್ಳಿ. ನಾನು ಬರೆಸಿಕೊಂಡೆ. ಶಾಲೆಯವರು ಬೇಜಾರೇನೂ ಮಾಡಿಕೊಳ್ಳಲಿಲ್ಲ.

ಶಾಲೆಯ ಲೆಟರ್‌ಹೆಡ್‌ನಲ್ಲಿ ಬರುವ ಪತ್ರ ಬೇರೆ, ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿ ಬರುವ ಆಫರ್ ಲೆಟರ್ ಬೇರೆ. ಸಹಿ ಹಾಕುವಾಗ ಲೆಕ್ಕಕ್ಕೆ ಬರುವುದು ಎರಡನೆಯದು. ಮುಂದೆ ಮಾಡುವ ಒಪ್ಪಂದದಲ್ಲಿ ಅದರಲ್ಲಿರುವುದಕ್ಕಿಂತ ಕಡಿಮೆ ಕೊಡುವಂತಿಲ್ಲ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಸಾಲು ತಾಳೆ ನೋಡಿದೆ. ಹುದ್ದೆಯ ಹೆಸರು "ಟೀಚರ್" ಅಂತಲೇ ಇದೆಯಾ ಅನ್ನುವುದನ್ನೂ ನೋಡಿ. ಕೆಲಸದ ಎಂಟ್ರಿ ಪರ್ಮಿಟ್ ಕೈಗೆ ಬಂದ ಮೇಲೆಯೇ ನಾನು ಊರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದು, ಅಲ್ಲಿಯವರೆಗೆ ಯಾರು ಎಷ್ಟು ಅವಸರ ಮಾಡಿದರೂ ಕೊಡಲಿಲ್ಲ.

ಸರ್ಟಿಫಿಕೇಟ್‌ಗಳ ವಿಷಯಕ್ಕೆ ಬಂದರೆ, ಅಪೋಸ್ಟಿಲ್ (ಒಪ್ಪಂದದಲ್ಲಿರುವ ದೇಶಗಳೆಲ್ಲ ಒಪ್ಪುವ ಒಂದೇ ದೃಢೀಕರಣ) ಮಾಡಿಸಿದರೆ ಸಾಕು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ, ಆದರೆ ನಾನು ಮಾಡಿಸುವಾಗ ಯುಎಇ ಅದರಲ್ಲಿ ಇರಲಿಲ್ಲ. ಹಾಗಾಗಿ ಡಿಗ್ರಿ, ಬಿ.ಎಡ್ ಎರಡಕ್ಕೂ ಮೊದಲು ರಾಜ್ಯದ ಶಿಕ್ಷಣ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ, ಹೀಗೆ ಮುದ್ರೆಗಳು ಬೀಳಬೇಕಾಯಿತು. ಇದಕ್ಕೆ ಸಮಯ ಹಿಡಿಯುತ್ತದೆ, ಆಫರ್ ಬರುವ ಮುಂಚೆಯೇ ಶುರು ಮಾಡಿ. ಮೂಲ ಪ್ರತಿಗಳನ್ನು ನಾನು ಯಾವ ಏಜೆಂಟ್ ಕೈಗೂ ಕೊಡಲಿಲ್ಲ, ಸಚಿವಾಲಯವೇ ನೇಮಿಸಿದ ಕೇಂದ್ರಕ್ಕೆ ಕೊಟ್ಟು ರಸೀದಿ ತೆಗೆದುಕೊಂಡೆ. ಡಿಗ್ರಿಯನ್ನು ರೆಗ್ಯುಲರ್ ಆಗಿ ಓದಿದ್ದಾ, ದೂರ ಶಿಕ್ಷಣದಲ್ಲಾ ಅಂತಲೂ ಕೇಳುತ್ತಾರೆ. ದೂರ ಶಿಕ್ಷಣ ಆಗಿದ್ದರೆ ಮುಚ್ಚಿಡದೆ ಮೊದಲೇ ಶಾಲೆಗೆ ಹೇಳಿ, ಅನುಮೋದನೆ ಸಿಗುತ್ತದಾ ಅಂತ ಕೇಳಿಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಬೇಕು.

ದುಬೈನಲ್ಲಿ ಇಳಿದ ಮೇಲೆ ಮೆಡಿಕಲ್ ಪರೀಕ್ಷೆ, ಬೆರಳಚ್ಚು, ಎಮಿರೇಟ್ಸ್ ಐಡಿ. ಅದು ಶಾಲೆಯವರೇ ಓಡಾಡಿ ಮಾಡಿಸುತ್ತಾರೆ. ಪಾಸ್‌ಪೋರ್ಟ್ ನಮ್ಮ ಹತ್ತಿರ ಇರಲಿ ಅಂತ ಯಾರಾದರೂ ಕೇಳಿದರೆ ಕೊಡಬೇಕಾಗಿಲ್ಲ. ಮಾಲೀಕರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಪಾಸ್‌ಪೋರ್ಟ್‌ಗೆ ರೆಸಿಡೆನ್ಸಿ ಸ್ಟಿಕ್ಕರ್ ಅಂಟಿಸುವುದೂ 2022ರಲ್ಲೇ ನಿಂತಿದೆ, ಹಾಗಾಗಿ ಆ ನೆಪವೂ ಈಗ ಇಲ್ಲ.

ಇನ್ನೊಂದು ವಿಷಯ, ಏಜೆಂಟರು ಹೆದರಿಸಲು ಬಳಸುವುದು. "ಎರಡು ವರ್ಷ ಬಿಡೋಹಾಗಿಲ್ಲ, ಬಿಟ್ಟರೆ ದುಡ್ಡು ಕಟ್ಟಬೇಕು." ಅದು ಹಾಗಿಲ್ಲ. ಪ್ರೊಬೇಷನ್, ಅಂದರೆ ಸೇರಿದ ಮೊದಲಿನ ಪರೀಕ್ಷಾ ಅವಧಿ, ಆರು ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ. ಆ ಅವಧಿಯಲ್ಲಿ ಊರಿಗೆ ವಾಪಸ್ ಹೋಗುವುದಾದರೆ 14 ದಿನ ಮುಂಚೆ, ಅಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳು ಮುಂಚೆ ಬರೆದು ತಿಳಿಸಬೇಕು. ಹಾಗೆ ಬೇರೆ ಶಾಲೆ ಸೇರಿದರೆ ಹಳೆಯ ಶಾಲೆಗೆ ನೇಮಕಾತಿ ಖರ್ಚು ಕೊಡುವುದು ಹೊಸ ಶಾಲೆಯ ಜವಾಬ್ದಾರಿ, ಟೀಚರ್‌ದಲ್ಲ. ಸಂಬಳ ಬ್ಯಾಂಕ್ ಮೂಲಕವೇ ಬರಬೇಕು ಅನ್ನುವ ಡಬ್ಲ್ಯುಪಿಎಸ್ ವ್ಯವಸ್ಥೆ 2009ರಿಂದ ಇದೆ, ಸಂಬಳ ನಿಂತರೆ ದಾಖಲೆ ಇರುತ್ತದೆ, ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ದುಬೈನಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವೂ ಇದೆ, ಕಾನೂನು ಸಲಹೆ ಕೊಡುತ್ತಾರೆ. ಆ ಕೇಂದ್ರದ ನಂಬರ್, ಆಫರ್ ಲೆಟರ್, ಒಪ್ಪಂದ, ಎಂಟ್ರಿ ಪರ್ಮಿಟ್ ಎಲ್ಲದರ ಒಂದೊಂದು ಪ್ರತಿಯನ್ನು ಊರಲ್ಲಿ ಮನೆಯವರ ಹತ್ತಿರವೂ ಕೊಟ್ಟು ಹೊರಡಿ.