ಕೋಲಾರದ ನೆಲದಿಂದ ಒಂದು ರಾಕ್ ಆಲ್ಬಮ್: ಹಾಡುಗಳು ಹುಟ್ಟಿದ ಬಗೆ

ಹಾಡಿನ ವಸ್ತುವೇ ಅದರ ಲಯವನ್ನೂ ಶ್ರುತಿಯನ್ನೂ ಸದ್ದಿನ ಏರಿಳಿತವನ್ನೂ ನಿರ್ಧರಿಸಬೇಕು ಎಂಬ ಒಂದೇ ನಿಯಮವನ್ನಿಟ್ಟುಕೊಂಡು ನಾವು ನಾಲ್ವರು ಗೆಳೆಯರು ಕೋಲಾರದಲ್ಲಿ ಒಂದು ಆಲ್ಟರ್ನೇಟಿವ್ ರಾಕ್ ಆಲ್ಬಮ್ ಮಾಡಿದೆವು. ಕನ್ನಡದಲ್ಲಿ ರಾಕ್ ಎಂದರೆ ಜನಪದ ಗೀತೆಗೋ ತತ್ವಪದಕ್ಕೋ ಗಿಟಾರು, ಡ್ರಮ್ಸ್ ಜೋಡಿಸುವುದು ಎಂಬ ಭಾವನೆ ಬಹಳ ಮಂದಿಯಲ್ಲಿದೆ. ಆ ದಾರಿಯಲ್ಲಿ ಒಳ್ಳೆಯ ಕೆಲಸವೂ ಆಗಿದೆ. ರಘು ದೀಕ್ಷಿತ್ ಹಾಡಿದ ಮೇಲೆಯೇ ಶಿಶುನಾಳ ಶರೀಫರ ಪದಗಳು ನನ್ನ ಓರಗೆಯ ಅನೇಕರಿಗೆ ಹತ್ತಿರವಾದವು. ಆದರೆ ಹಳೆಯ ಪದಕ್ಕೆ ಹೊಸ ವಾದ್ಯ ತೊಡಿಸುವುದರಲ್ಲಿ ನನಗೆ ಆಸೆ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಈಗ ನಡೆಯುತ್ತಿರುವುದನ್ನು, ಅದು ನಡೆಯುವ ವೇಗದಲ್ಲಿ, ಅದು ಮಾಡುವ ಸದ್ದಿನಲ್ಲಿ ಹೇಳಬೇಕಾಗಿತ್ತು.

ಈ ಪ್ರಕಾರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆಲ್ಟರ್ನೇಟಿವ್ ರಾಕ್ 1980ರ ದಶಕದ ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಹೊರಗೆ, ಕಾಲೇಜು ರೇಡಿಯೊಗಳ ಆಸರೆಯಲ್ಲಿ ಬೆಳೆಯಿತು. ಆರ್.ಇ.ಎಂ. ತಂಡ 1980ರಲ್ಲಿ ಹುಟ್ಟಿದ್ದು ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ. 1986ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಪಿಕ್ಸೀಸ್ ತಂಡ, ಚರಣವನ್ನು ಮೆಲ್ಲಗೆ ನುಡಿಸಿ ಪಲ್ಲವಿಯಲ್ಲಿ ಒಮ್ಮೆಲೇ ಅಬ್ಬರಿಸುವ ಕ್ರಮವನ್ನು ತನ್ನ ಗುರುತಾಗಿಸಿಕೊಂಡಿತು; 1991ರಲ್ಲಿ ನಿರ್ವಾಣ ಎಂಬ ತಂಡ ಅದೇ ಕ್ರಮವನ್ನು ಲೋಕಕ್ಕೆಲ್ಲ ಮುಟ್ಟಿಸಿತು. ಸಣ್ಣ ಊರಿನವರು ತಮ್ಮ ಊರನ್ನು ಬಿಡದೆ, ದುಬಾರಿ ಸ್ಟುಡಿಯೊ ಇಲ್ಲದೆ, ಸದ್ದಿನ ಏರಿಳಿತವನ್ನೇ ಮುಖ್ಯ ಸಾಧನವಾಗಿಸಿಕೊಂಡು ಹಾಡು ಕಟ್ಟಬಹುದು ಎಂಬ ಧೈರ್ಯ ನಮಗೆ ಬಂದದ್ದು ಅಲ್ಲಿಂದ.

ಮೊದಲು ಎದುರಾದದ್ದು ಭಾಷೆಯ ಪ್ರಶ್ನೆ. ರಾಕ್ ಸಂಗೀತದ ಸಾಮಾನ್ಯ ತಾಳದಲ್ಲಿ ನಾಲ್ಕು ಎಣಿಕೆಗಳಿದ್ದು, ಎರಡನೆಯ ಮತ್ತು ನಾಲ್ಕನೆಯ ಎಣಿಕೆಯ ಮೇಲೆ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುತ್ತದೆ. ಒತ್ತು ಹಾಕಿ ಉಚ್ಚರಿಸುವ ಇಂಗ್ಲಿಷಿಗೆ ಅದು ಸಲೀಸು. ಕನ್ನಡದ ಲಯ ನಿಂತಿರುವುದು ಲಘು ಗುರುಗಳ ಅಳತೆಯ ಮೇಲೆ, ಮಾತ್ರೆಗಳ ಎಣಿಕೆಯ ಮೇಲೆ. ನಾಲ್ಕರ ತಾಳಕ್ಕೆ ಕನ್ನಡವನ್ನು ಬಲವಂತವಾಗಿ ಕೂರಿಸಿದರೆ ಹ್ರಸ್ವಗಳು ಎಳೆದು ದೀರ್ಘವಾಗುತ್ತವೆ, ದೀರ್ಘಗಳು ಮುರಿದು ಬೀಳುತ್ತವೆ. ಕೇಳುವವರಿಗೆ ಅದು ಡಬ್ಬಿಂಗ್ ಆದ ಹಾಡಿನ ಹಾಗೆ ಕೇಳಿಸುತ್ತದೆ. ಆದ್ದರಿಂದ ನಾನು ಮೊದಲು ಸಾಲು ಬರೆದು, ಅದರ ಮಾತ್ರೆ ಎಣಿಸಿ, ಆಮೇಲೆ ಗಿಟಾರಿನ ರಿಫ್, ಅಂದರೆ ಮರಳಿ ಮರಳಿ ಬರುವ ಸಣ್ಣ ಸ್ವರಗುಚ್ಛ, ಕಟ್ಟುವ ಪದ್ಧತಿ ಹಿಡಿದೆ.

‘ಕೆರೆಯ ತಳ’ ಎಂಬ ಹಾಡು ಈ ಪದ್ಧತಿಯ ಮೊದಲ ಫಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇರುವುದು ಎರಡು ಸಾವಿರಕ್ಕೂ ಹೆಚ್ಚು ಕೆರೆಗಳು, ಅವುಗಳಲ್ಲಿ ಬಹಳಷ್ಟನ್ನು ನನ್ನ ತಲೆಮಾರಿನವರು ಒಣಗಿದ ಮೈದಾನಗಳಾಗಿಯೇ ನೋಡಿ ಬೆಳೆದೆವು. ಅಜ್ಜಂದಿರ ಬಾಯಲ್ಲಿ ಗಮಕದ ಹಾಗೆ ಹರಿಯುತ್ತಿದ್ದ ಭಾಮಿನಿ ಷಟ್ಪದಿಯ ನಡೆ, ಅಂದರೆ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವ ನಡೆ, ಈ ಹಾಡಿಗೆ ತಾನಾಗಿ ಒದಗಿತು:

ಕೆರೆಯ ತಳದಲಿ ಬಿರುಕು ಬರೆದಿದೆ
ನೀರ ನೆನಪಿನ ಹಳೆಯ ಲೆಕ್ಕವ

ಮೂರು, ನಾಲ್ಕು, ಮತ್ತೆ ಮೂರು, ನಾಲ್ಕು. ಇದನ್ನು ಹಾಗೆಯೇ ಗಿಟಾರಿಗೆ ತಂದಾಗ ಸಿಕ್ಕದ್ದು ಏಳು ಎಣಿಕೆಯ ತಾಳ. ಕರ್ನಾಟಕ ಸಂಗೀತದವರಿಗೆ ಅದು ಮಿಶ್ರಛಾಪು, ಪಾಶ್ಚಾತ್ಯ ಬರಹದಲ್ಲಿ ಏಳು ಬೈ ಎಂಟು. ನಾಲ್ಕರ ತಾಳಕ್ಕೆ ಒಗ್ಗಿದ ಕಿವಿಗೆ ಪ್ರತಿ ಸುತ್ತಿನಲ್ಲೂ ಒಂದು ಎಣಿಕೆ ಕಡಿಮೆಯಾದಂತೆ ಅನಿಸಿ ಹಾಡು ಮುಂದಕ್ಕೆ ಜಾರುತ್ತಲೇ ಇರುತ್ತದೆ. ನಮ್ಮ ಡ್ರಮ್ಮರ್ ಮೂರರ ಗಣಕ್ಕೆ ಬೇಸ್ ಡ್ರಮ್ಮನ್ನೂ ನಾಲ್ಕರ ಗಣದ ಮೊದಲಿಗೆ ಸ್ನೇರನ್ನೂ ಇಟ್ಟು, ಪದಗಳ ಅಂಚಿನಲ್ಲೇ ಪೆಟ್ಟು ಬೀಳುವಂತೆ ಮಾಡಿದರು. ಸಾಹಿತ್ಯ ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ಕೇಳುಗರು ಹೇಳುವುದು ಈ ಹಾಡಿನ ಬಗ್ಗೆಯೇ, ಗಿಟಾರು ಎಷ್ಟೇ ಗದ್ದಲ ಮಾಡಿದರೂ.

ಇದರ ಮುಂದುವರಿಕೆ ‘ಎರಡನೇ ಹಂತ’. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ತುಂಬಿದ ಕೆರೆಯನ್ನು ಕಂಡ ಸಂತೋಷ ನಿಜವಾದದ್ದು, ಮೂರನೇ ಹಂತದ ಶುದ್ಧೀಕರಣವೂ ಬೇಕು ಎಂಬ ಜಿಲ್ಲೆಯ ಜನರ ಒತ್ತಾಯವೂ ಅಷ್ಟೇ ನ್ಯಾಯವಾದದ್ದು; ಎರಡನ್ನೂ ಒಂದೇ ಹಾಡಿನಲ್ಲಿ ಹಿಡಿಯಬೇಕಾಗಿತ್ತು. ‘ಕೆರೆಯ ತಳ’ದ ರಿಫ್‌ನಲ್ಲಿ ಮೂರು ತುಣುಕುಗಳಿವೆ. ಈ ಹಾಡಿನಲ್ಲಿ ಮೊದಲ ಎರಡನ್ನು ಮಾತ್ರ ನುಡಿಸಿ, ಮೂರನೆಯದರ ಜಾಗವನ್ನು ಖಾಲಿ ಬಿಟ್ಟೆವು. ಮೊದಲ ಹಾಡು ಕೇಳಿದವರ ಕಿವಿ ಮೂರನೆಯ ತುಣುಕಿಗಾಗಿ ಕಾಯುತ್ತದೆ. ಭಾಷಣವನ್ನು ಹಾಡಿನೊಳಗೆ ತುರುಕದೆ ಒತ್ತಾಯವನ್ನು ಹೇಳುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉಪಾಯ ತೋಚಲಿಲ್ಲ.

ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಹಾಡು ‘ನಾಲ್ಕನೇ ಜ್ವರ’. ನಮ್ಮ ಮನೆಯದು ರೇಷ್ಮೆ ಕಸುಬು. ರೇಷ್ಮೆ ಹುಳು ಸೊಪ್ಪು ತಿನ್ನುತ್ತಾ ಬೆಳೆದು, ನಡುನಡುವೆ ನಾಲ್ಕು ಸಲ ತಿನ್ನುವುದನ್ನು ಪೂರ್ತಿ ನಿಲ್ಲಿಸಿ, ತಲೆ ಎತ್ತಿ ಅಲುಗದೆ ನಿಂತು ಪೊರೆ ಬಿಡುತ್ತದೆ. ಅದನ್ನೇ ನಾವು ಜ್ವರಕ್ಕೆ ಕೂತಿದೆ ಎನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ಬರುವ ಐದನೆಯ ಹಂತದಲ್ಲಿ ಹುಳು ತನ್ನ ಜೀವಮಾನದ ಆಹಾರದ ಸುಮಾರು ನೂರಕ್ಕೆ ಎಂಬತ್ತು ಭಾಗವನ್ನು ತಿಂದುಬಿಡುತ್ತದೆ. ಆ ದಿನಗಳಲ್ಲಿ ರಾತ್ರಿ ಹುಳು ಮನೆಯ ಬಾಗಿಲು ತೆರೆದರೆ ಒಳಗೆ ಹೆಂಚಿನ ಮೇಲೆ ಸಣ್ಣ ಮಳೆ ಬೀಳುವ ಸದ್ದು. ಮೆಲ್ಲಗೆ ಮತ್ತು ಜೋರಾಗಿ ಎಂಬ ಆಲ್ಟರ್ನೇಟಿವ್ ರಾಕ್‌ನ ಕ್ರಮವನ್ನು ಚರಣ ಪಲ್ಲವಿಗಳ ಲೆಕ್ಕದಲ್ಲಿ ಹಂಚುವ ಬದಲು ಈ ಹುಳುವಿನ ಬದುಕಿನ ಲೆಕ್ಕದಲ್ಲಿ ಹಂಚಿದೆ. ಹಾಡು ನಾಲ್ಕು ಸಲ ನಿಲ್ಲುತ್ತದೆ. ನಿಂತಾಗ ಡ್ರಮ್ಸ್‌ನ ಸಿಂಬಲ್ ತಟ್ಟೆಗಳನ್ನು ಕೈಯಿಂದ ಹಿಡಿದು ಮೌನಗೊಳಿಸುತ್ತೇವೆ. ಪ್ರತಿ ಸಲ ಎದ್ದಾಗ ಹಿಂದಿಗಿಂತ ಒಂದು ಪದರ ಹೆಚ್ಚು: ಮೊದಲು ಒಂಟಿ ಗಿಟಾರು, ಆಮೇಲೆ ಬಾಸ್ ಗಿಟಾರು, ಆಮೇಲೆ ಡ್ರಮ್ಸ್, ಆಮೇಲೆ ಸದ್ದನ್ನು ಒರಟಾಗಿಸುವ ಫಜ್ ಪೆಡಲ್ ಹಾಕಿದ ಎರಡನೆಯ ಗಿಟಾರು. ಐದನೆಯ ಭಾಗ ಹಿಂದಿನ ನಾಲ್ಕೂ ಸೇರಿದ್ದಕ್ಕಿಂತ ಉದ್ದ. ಅಲ್ಲಿ ಮಾತೇ ಇಲ್ಲ. ಹುಳು ಸೊಪ್ಪು ತಿನ್ನುವ ಸದ್ದನ್ನು ಚಿಕ್ಕ ರೆಕಾರ್ಡರಿನಲ್ಲಿ ಹಿಡಿದು ಗಿಟಾರುಗಳ ಕೆಳಗೆ ಹಾಸಿದ್ದೇವೆ. ಹೆಡ್‌ಫೋನಿನಲ್ಲಿ ಕೇಳಿದರೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಧ್ವನಿಮುದ್ರಣವೂ ಆ ಹುಳು ಮನೆಯಲ್ಲೇ ನಡೆಯಿತು. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋಗಿ, ಮನೆಯನ್ನು ತೊಳೆದು ಸೋಂಕು ನಿವಾರಣೆ ಮಾಡಿ, ಮುಂದಿನ ಬೆಳೆಗೆ ಚಾಕಿ ಹುಳು, ಅಂದರೆ ಎಳೆಯ ಹುಳು, ತರುವವರೆಗಿನ ಬಿಡುವು ನಮ್ಮ ಪಾಲಿಗಿತ್ತು. ಉದ್ದನೆಯ ಹಾಲ್, ಎತ್ತರದ ಸೂರು, ನಯವಾದ ಗೋಡೆ. ಚಪ್ಪಾಳೆ ತಟ್ಟಿದರೆ ಸದ್ದು ಎರಡು ಗೋಡೆಗಳ ನಡುವೆ ಅತ್ತಿತ್ತ ಹಾರಿ ಕಟಕಟ ಎನ್ನುತ್ತಿತ್ತು. ಬಿದಿರಿನ ಚಂದ್ರಿಕೆಗಳನ್ನು ಗೋಡೆಗಳಿಗೆ ಒರಗಿಸಿ ನಿಲ್ಲಿಸಿದೆವು. ಗೂಡು ಕಟ್ಟಲು ಸುರುಳಿ ಸುರುಳಿಯಾಗಿ ಹೆಣೆದ ಆ ಪಟ್ಟಿಗಳು ಸದ್ದನ್ನು ನುಂಗದೆ ಚದುರಿಸುತ್ತವೆ. ಕೋಣೆಯ ಗುಂಗು ಉಳಿದು ಕಟಕಟ ಹೋಯಿತು. ಡ್ರಮ್ಸ್ ಹಾಲ್‌ನಲ್ಲಿ, ಗಿಟಾರಿನ ಆಂಪ್ಲಿಫೈಯರ್ ಸೊಪ್ಪಿನ ಕೋಣೆಯಲ್ಲಿ. ಆಂಪ್ಲಿಫೈಯರಿಗೆ ಒಂದು ಡೈನಮಿಕ್ ಮೈಕನ್ನು ಸ್ಪೀಕರಿನ ನಡುವಿಗಿಂತ ಅಂಚಿಗೆ ಸರಿಸಿ ಇಟ್ಟೆವು, ಏಕೆಂದರೆ ನಡುವಿನಲ್ಲಿ ಚುರುಕು ಹೆಚ್ಚು, ಅಂಚಿನಲ್ಲಿ ದಪ್ಪ ಹೆಚ್ಚು. ಹಳ್ಳಿಯ ಕರೆಂಟಿನಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ತಂತಿಯ ಕಂಪನವನ್ನು ಹಿಡಿಯುವ ಗಿಟಾರಿನ ಪಿಕಪ್‌ಗಳು 50 ಹರ್ಟ್ಸ್‌ನ ಗುಂಯ್ ಎಂಬ ಸದ್ದನ್ನು ಎಲ್ಲ ಟ್ರ್ಯಾಕಿಗೂ ತುಂಬುತ್ತವೆ. ಮನೆಯ ಹಿಂದೆ ಹೊಸ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿ, ನೀರು ಹೊಯ್ದು ಅರ್ತಿಂಗ್ ಮಾಡಿಸಿದ ಮೇಲೆಯೇ ರೆಕಾರ್ಡಿಂಗ್ ಶುರು ಮಾಡಿದ್ದು. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ನನ್ನ ಸಲಹೆ: ಹೊಸ ಮೈಕ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಬಾಸ್ ನುಡಿಸುವ ಗೆಳೆಯ ಕೆ.ಜಿ.ಎಫ್.ನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆದವನು, ಮನೆಮಾತು ತಮಿಳು. ಚಿನ್ನದ ಗಣಿ ಎಂದರೆ ಎಲ್ಲರೂ ಚಿನ್ನವನ್ನೂ ಶೋಷಣೆಯನ್ನೂ ಬರೆಯುತ್ತಾರೆ, ಬರೆಯಬೇಕಾದದ್ದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರುಮಾಡಿದ, 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ, ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆದರೆ ಅವನು ನಮಗೆ ನೆನಪಿಸಿದ್ದು ಇನ್ನೊಂದು ಸಂಗತಿಯನ್ನು: 1965ರಲ್ಲಿ ಅದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಒಸಾಕಾ ಸಿಟಿ, ಡರ್ಹಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರು. ಭೂಮಿಯನ್ನೇ ತೂರಿಹೋಗುವ ಆ ಕಣಗಳನ್ನು ಗುರುತಿಸಲು ಮೇಲಿನ ಗದ್ದಲವನ್ನೆಲ್ಲ ತಡೆಯುವಷ್ಟು ಬಂಡೆ ತಲೆಯ ಮೇಲಿರಬೇಕು. ‘ಕಾಣದ ಕಣ’ ಎಂಬ ಹಾಡಿನಲ್ಲಿ ನಾವು ಪಿಕ್ಸೀಸ್ ಕ್ರಮವನ್ನು ತಿರುವಿಹಾಕಿದೆವು: ಚರಣಗಳಲ್ಲಿ ಅಬ್ಬರ, ಪಲ್ಲವಿಯಲ್ಲಿ ಬಹುತೇಕ ಮೌನ. ಚರಣ ಗಣಿಯ ಮೇಲಿನ ಲೋಕ, ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ಧೂಳು, ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಡುವ ರೈಲಿನ ನೂಕುನುಗ್ಗಲು, ಪಲ್ಲವಿ ಆಳ. ಅಲ್ಲಿ ಬಾಸಿನ ಒಂದೇ ಸ್ವರವಿದೆ, ಮತ್ತು ಅವನ ದನಿಯಲ್ಲಿ ತಮಿಳಿನ ಎರಡು ಸಾಲು. ಕನ್ನಡ, ತೆಲುಗು, ತಮಿಳು, ದಖ್ಖನಿ ಒಟ್ಟಿಗೆ ಕೇಳಿಸುವ ಜಿಲ್ಲೆಯ ಆಲ್ಬಮ್ಮಿನಲ್ಲಿ ಒಂದೇ ಭಾಷೆ ಇದ್ದರೆ ಅದು ನಮ್ಮ ಊರಿನ ಸದ್ದಾಗುವುದಿಲ್ಲ.

‘ಬಾಕ್ಸ್ ರೇಟು’ ಎರಡು ನಿಮಿಷದ ಒಳಗೆ ಮುಗಿಯುವ ಹಾಡು. ಕೋಲಾರದ ಟೊಮೆಟೊ ಮಂಡಿಯಲ್ಲಿ 15 ಕೆ.ಜಿ. ಬಾಕ್ಸು 2023ರ ಜುಲೈಯಲ್ಲಿ 2,000 ರೂಪಾಯಿ ದಾಟಿದ್ದನ್ನೂ, ಬೆಲೆ ಬಿದ್ದಾಗ ರೈತರು ಹಣ್ಣನ್ನು ರಸ್ತೆಗೆ ಸುರಿದು ಹೋಗುವುದನ್ನೂ ನೋಡಿದವರಿಗೆ ಇದರ ವಿವರಣೆ ಬೇಕಿಲ್ಲ. ಹರಾಜು ಕೂಗುವವರ ಉಸಿರಿನ ವೇಗ ಸ್ಥಿರವಾಗಿರುವುದಿಲ್ಲವಾದ್ದರಿಂದ ಇದೊಂದನ್ನು ಕಿವಿಯಲ್ಲಿ ಲಯ ಎಣಿಸುವ ಕ್ಲಿಕ್ ಟ್ರ್ಯಾಕ್ ಇಲ್ಲದೆ ನುಡಿಸಿ, ಲಯ ತಾನಾಗಿ ಓಡಲು ಬಿಟ್ಟೆವು.

ತಮಟೆಯ ವಿಷಯದಲ್ಲಿ ಮಾತ್ರ ಬಹಳ ಯೋಚಿಸಿದೆವು. ಹಿನ್ನೆಲೆಗೆ ಸ್ವಲ್ಪ ತಮಟೆ ಉದುರಿಸಿ ಮಣ್ಣಿನ ವಾಸನೆ ತರುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ಭಾಗದ ತಮಟೆ ಕಲಾವಿದರಿಗೆಲ್ಲ ಆದ ಹೆಮ್ಮೆಯನ್ನು ಕಂಡಿದ್ದೆ. ಆ ವಾದ್ಯಕ್ಕೆ ತನ್ನದೇ ಹಾಡು ಸಲ್ಲಬೇಕು. ಹಾಗಾಗಿ ‘ಕಾವು’ ಎಂಬ ಹಾಡಿನಲ್ಲಿ ಡ್ರಮ್ ಸೆಟ್ಟೇ ಇಲ್ಲ. ಪಕ್ಕದ ಹಳ್ಳಿಯ ಹಿರಿಯರೊಬ್ಬರ ತಂಡ ತಮಟೆ ನುಡಿಸಿತು, ನಾವು ಅವರ ಹಿಂದೆ ಹೋದೆವು. ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರೆ, ಆರುತ್ತಾ ಹೋದಂತೆ ದನಿ ಇಳಿಯುತ್ತದೆ. ನಾನು ಮೈಕ್ ಸರಿಪಡಿಸುತ್ತಾ ನಿಂತಾಗ ಆ ಹಿರಿಯರು, ‘ಕಾಯ್ಸಿದ್ಮೇಲೆ ಕಾಯ್ಬಾರ್ದು ಕಣಪ್ಪ, ಬಾರಿಸ್ಬೇಕು’ ಎಂದರು. ಮೈಕುಗಳನ್ನು ಮೊದಲೇ ದೂರದಲ್ಲಿ ನಿಲ್ಲಿಸಿ, ಬೆಂಕಿ ಅಂಗಳದಲ್ಲಿ ಉರಿಯುತ್ತಿರುವಾಗಲೇ ಅಲ್ಲಿಯೇ ಮುದ್ರಿಸಿಕೊಂಡೆವು. ಗಿಟಾರುಗಳನ್ನು ಆಮೇಲೆ ತಮಟೆಯ ದನಿಗೆ ಹೊಂದುವಂತೆ ಶ್ರುತಿ ಮಾಡಿ ಸೇರಿಸಿದೆ. ಆ ಹಾಡಿನ ರಚನೆಯಲ್ಲಿ ಅವರ ಹೆಸರುಗಳು ನಮ್ಮ ಹೆಸರುಗಳ ಜೊತೆಗೇ ಇವೆ, ಗಳಿಕೆಯ ಪಾಲೂ ಸಮ.

ಕೊನೆಯ ಹಾಡು ‘ಪಾಯಿಂಟ್’. ತೆಂಗಿನಕಾಯಿ ಹಿಡಿದು ನೀರಿನ ಪಾಯಿಂಟ್ ತೋರಿಸುವವರು, ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಬೋರ್‌ವೆಲ್ ಲಾರಿ, ಅಡಿಯ ಲೆಕ್ಕದಲ್ಲಿ ಏರುವ ಸಾಲ, ಆಳಕ್ಕೆ ಹೋದಷ್ಟೂ ಕಾಡುವ ಫ್ಲೋರೈಡ್. ‘ಸಾವಿರ ಅಡಿಗೂ ಧೂಳೇ ಧೂಳು’ ಎಂಬ ಸಾಲು ನಾಲ್ಕರ ಗಣಗಳಲ್ಲಿ ಬಂದದ್ದರಿಂದ ಇಲ್ಲಿ ಸಾದಾ ನಾಲ್ಕರ ತಾಳವೇ ಸರಿಹೋಯಿತು. ಆಳವನ್ನು ಶ್ರುತಿಯಲ್ಲಿ ತಂದೆವು: ಮೊದಲ ಚರಣದಲ್ಲಿ ಗಿಟಾರಿನ ಆರನೆಯ ತಂತಿ ವಾಡಿಕೆಯ ಇ ಸ್ವರದಲ್ಲಿರುತ್ತದೆ, ನುಡಿಸುತ್ತಲೇ ಬಿರಡೆ ತಿರುಗಿಸಿ ಎರಡನೆಯದರಲ್ಲಿ ಡಿಗೆ, ಮೂರನೆಯದರಲ್ಲಿ ಸಿಗೆ ಇಳಿಸುತ್ತೇನೆ. ಸಾಮಾನ್ಯ ತಂತಿ ಅಷ್ಟು ಸಡಿಲಾದರೆ ಜೋತು ಬೀಳುತ್ತದೆ. ಆದ್ದರಿಂದ ಇಂಚಿನ ಸಾವಿರದಲ್ಲಿ 46 ಭಾಗ ದಪ್ಪದ ತಂತಿಯ ಬದಲು 52 ಭಾಗ ದಪ್ಪದ ತಂತಿ ಹಾಕಿದೆ. ಸಿಗೆ ಬಂದಾಗ ಅದು ಫ್ರೆಟ್‌ಗಳಿಗೆ ತಗುಲಿ ಗರಗರ ಎನ್ನುತ್ತದೆ, ಅದನ್ನು ಹಾಗೆಯೇ ಉಳಿಸಿಕೊಂಡೆವು.

ಮಾಸ್ಟರಿಂಗ್, ಅಂದರೆ ಮುಗಿದ ಹಾಡುಗಳ ಸದ್ದನ್ನು ಕೊನೆಯದಾಗಿ ಹದಗೊಳಿಸುವ ಕೆಲಸ, ಮಾಡಿದವರಿಗೆ ಎಲ್ಲ ಹಾಡುಗಳ ಸದ್ದನ್ನು ಒಂದೇ ಎತ್ತರಕ್ಕೆ ಏರಿಸಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಹಾಡುಗಳನ್ನು ಕೇಳಿಸುವ ಆ್ಯಪ್‌ಗಳು ಹೇಗೂ ತಾವೇ ಸದ್ದನ್ನು ಸಮಗೊಳಿಸುತ್ತವೆ, ಆದ್ದರಿಂದ ಒತ್ತಿ ಒತ್ತಿ ಜೋರು ಮಾಡಿದ ಹಾಡಿಗೆ ಅಲ್ಲಿ ಲಾಭವಿಲ್ಲ. ಹುಳುವಿನ ನಾಲ್ಕು ಮೌನಗಳೂ ಗಣಿಯ ಪಲ್ಲವಿಯೂ ಮಾತ್ರ ಹಾಳಾಗುತ್ತವೆ. ವೇದಿಕೆಯಲ್ಲಿ ನುಡಿಸುವಾಗಲೂ ‘ಪಾಯಿಂಟ್’ ಕೊನೆಗೇ ಬರುತ್ತದೆ, ಏಕೆಂದರೆ ಸಿವರೆಗೆ ಇಳಿಸಿದ ತಂತಿಯನ್ನು ಮತ್ತೆ ಇಗೆ ಏರಿಸಿದರೆ ಅದು ತಕ್ಷಣ ಶ್ರುತಿಯಲ್ಲಿ ನಿಲ್ಲುವುದಿಲ್ಲ, ಇನ್ನೊಂದು ಹಾಡಿಗೆ ಬೇರೆ ಗಿಟಾರನ್ನೇ ಎತ್ತಿಕೊಳ್ಳಬೇಕಾಗುತ್ತದೆ.