ರಿಮೋಟ್ ಕಳೆದುಹೋದ ಟಿವಿ ಸ್ಟಿಕ್ಕನ್ನು ಹೊಸ ವೈಫೈಗೆ ಜೋಡಿಸುವುದು ಹೇಗೆ?

ಕಳೆದ ತಿಂಗಳು ನಮ್ಮ ಚಿಕ್ಕಪ್ಪ ಹಾಸನದಿಂದ ಮೈಸೂರಿಗೆ ಮನೆ ಬದಲಿಸಿದರು. ಟಿವಿ ಬಂತು, ಅದರ ಹಿಂಬದಿಗೆ ಸಿಕ್ಕಿಸಿದ್ದ ಫೈರ್ ಟಿವಿ ಸ್ಟಿಕ್ ಕೂಡ ಬಂತು. ರಿಮೋಟ್ ಮಾತ್ರ ಯಾವ ರಟ್ಟಿನ ಪೆಟ್ಟಿಗೆಯ ತಳ ಸೇರಿತೋ ಯಾರಿಗೂ ತಿಳಿಯಲಿಲ್ಲ. ಹೊಸ ಮನೆಗೆ ಹೊಸ ಫೈಬರ್ ಸಂಪರ್ಕ, ಹೊಸ ವೈಫೈ. ಸ್ಟಿಕ್ಕನ್ನು ಆ ವೈಫೈಗೆ ಸೇರಿಸಲು ರಿಮೋಟ್ ಬೇಕು. ಮೊಬೈಲನ್ನೇ ರಿಮೋಟ್ ಮಾಡಿಕೊಳ್ಳೋಣವೆಂದರೆ, ಮೊಬೈಲ್ ಮತ್ತು ಸ್ಟಿಕ್ ಎರಡೂ ಒಂದೇ ವೈಫೈನಲ್ಲಿ ಇರಬೇಕು ಎಂದು ಆ್ಯಪ್ ಕೇಳುತ್ತದೆ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯಂತಾಯಿತು. ಮೂರು ದಿನ ಪರದಾಡಿದ ಚಿಕ್ಕಪ್ಪ, ಸ್ಟಿಕ್ಕೇ ಕೆಟ್ಟಿದೆ ಎಂದುಕೊಂಡು ಹೊಸದನ್ನು ತರಿಸಲು ಹೊರಟಿದ್ದರು.

ಈ ತೊಡಕಿನಲ್ಲಿ ಸಿಕ್ಕಿಕೊಂಡ ನಾಲ್ಕಾರು ಮನೆಗಳನ್ನು ನಾನು ನೋಡಿದ್ದೇನೆ. ಬಹುತೇಕರಿಗೆ ಹಾಟ್‌ಸ್ಪಾಟ್ ಉಪಾಯವನ್ನು, ಅಂದರೆ ಒಂದು ಮೊಬೈಲೇ ಹಳೆಯ ವೈಫೈನ ಹೆಸರಿನಲ್ಲಿ ವೈಫೈ ಕೊಡುವಂತೆ ಮಾಡುವುದನ್ನು, ಯಾರೋ ಹೇಳಿರುತ್ತಾರೆ, ಅವರು ಅದನ್ನು ಮಾಡಿಯೂ ನೋಡಿರುತ್ತಾರೆ. ಆದರೂ ಆಗಿರುವುದಿಲ್ಲ. ಎಡವುವ ಜಾಗ ಎಲ್ಲರಿಗೂ ಒಂದೇ.

ಮೊದಲು ಒಂದು ಮಾತು ತಿಳಿದಿರಲಿ. ಸ್ಟಿಕ್ ನಿಮ್ಮ ಮನೆಯನ್ನು ಗುರುತಿಸುವುದಿಲ್ಲ, ರೂಟರ್ ಪೆಟ್ಟಿಗೆಯನ್ನೂ ಗುರುತಿಸುವುದಿಲ್ಲ. ಅದರ ನೆನಪಿನಲ್ಲಿ ಉಳಿದಿರುವುದು ಹಳೆಯ ವೈಫೈನ ಹೆಸರು, ಪಾಸ್‌ವರ್ಡ್ ಮತ್ತು ಭದ್ರತೆಯ ಬಗೆ. ಈ ಮೂರೂ ಹೊಂದಿಕೆಯಾದರೆ ಎದುರಿಗಿರುವುದು ರೂಟರೋ, ಮೊಬೈಲೋ ಎಂದು ಅದು ವಿಚಾರಿಸುವುದಿಲ್ಲ. ತಾನಾಗಿಯೇ ಹೋಗಿ ಸೇರಿಕೊಳ್ಳುತ್ತದೆ. ಮುಂದಿನ ಕೆಲಸವೆಲ್ಲ ಇದರ ಮೇಲೆಯೇ ನಿಂತಿದೆ.

ಹಾಗಾಗಿ, ಹೊಸ ಮನೆಗೆ ಫೈಬರ್ ಹಾಕುವವರು ಇನ್ನೂ ಬರಬೇಕಾಗಿದ್ದರೆ ಈ ಲೇಖನವನ್ನು ಪೂರ್ತಿ ಓದುವ ಅಗತ್ಯವೂ ಇಲ್ಲ. ‘ವೈಫೈಗೆ ಏನು ಹೆಸರಿಡಲಿ?’ ಎಂದು ಅವರು ಕೇಳಿದಾಗ ಹಳೆಯ ಮನೆಯ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ ಬರೆದು ಕೊಡಿ. ಸ್ಟಿಕ್, ಮೊಬೈಲ್, ಲ್ಯಾಪ್‌ಟಾಪ್, ಪ್ರಿಂಟರ್ ಎಲ್ಲವೂ ಯಾರ ನೆರವೂ ಇಲ್ಲದೆ ಜೋಡಣೆಯಾಗುತ್ತವೆ. ಮನೆ ಬದಲಿಸುವ ಪ್ರತಿಯೊಬ್ಬರಿಗೂ ನಾನು ಇದನ್ನು ಒತ್ತಿ ಹೇಳುತ್ತೇನೆ.

ಶುರು ಮಾಡುವ ಮುನ್ನ

ರಿಮೋಟ್ ಕೈಯಲ್ಲೇ ಇದ್ದು ಕೆಲಸ ಮಾಡುತ್ತಿಲ್ಲವಾದರೆ ಸೆಲ್ ಬದಲಿಸಿ, ಹೋಮ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ನೋಡಿ.

ನಿಜವಾಗಿಯೂ ಕಳೆದಿದ್ದರೆ, ಟಿವಿಯದೇ ರಿಮೋಟ್ ತೆಗೆದುಕೊಂಡು ಬಾಣದ ಗುಂಡಿಗಳನ್ನು ಒತ್ತಿ. ಈಚಿನ ಟಿವಿಗಳಲ್ಲಿ ಎಚ್‌ಡಿಎಂಐ ತಂತಿಯ ಮೂಲಕವೇ ಟಿವಿಯ ರಿಮೋಟ್ ಸ್ಟಿಕ್ಕಿಗೂ ಆದೇಶ ಕಳುಹಿಸುವ ವ್ಯವಸ್ಥೆ ಇರುತ್ತದೆ. ಅದರ ಸಾಮಾನ್ಯ ಹೆಸರು ಸಿಇಸಿ. ಸ್ಯಾಮ್‌ಸಂಗ್ ಅದನ್ನು ‘ಎನಿನೆಟ್ ಪ್ಲಸ್’ ಎನ್ನುತ್ತದೆ, ಎಲ್‌ಜಿ ‘ಸಿಂಪ್‌ಲಿಂಕ್’ ಎನ್ನುತ್ತದೆ, ಸೋನಿ ‘ಬ್ರಾವಿಯಾ ಸಿಂಕ್’ ಎನ್ನುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಹುಡುಕಿ ಆನ್ ಮಾಡಿ. ಪರದೆಯ ಮೇಲಿನ ಆಯ್ಕೆ ಬಾಣದ ಗುಂಡಿಗೆ ಸರಿದರೆ ನೇರವಾಗಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಹೊಸ ವೈಫೈ ಸೇರಿಸಬಹುದು. ಅಲ್ಲಿಗೆ ಕೆಲಸ ಮುಗಿಯಿತು.

ನಿಮ್ಮದು ಸ್ಟಿಕ್ ಅಲ್ಲ, ಯುಎಸ್‌ಬಿ ಕಿಂಡಿಯಿರುವ ಆಂಡ್ರಾಯ್ಡ್ ಟಿವಿ ಪೆಟ್ಟಿಗೆ ಎಂದಾದರೆ ಕಂಪ್ಯೂಟರಿನ ಮೌಸ್ ತಂದು ಸಿಕ್ಕಿಸಿ. ಪರದೆಯ ಮೇಲೆ ಬಾಣ ಮೂಡುತ್ತದೆ. ಕ್ಲಿಕ್ ಮಾಡುತ್ತ ಹೋಗಿ ಪಾಸ್‌ವರ್ಡ್ ಹಾಕಿ.

ಈ ಹೊತ್ತಿನಲ್ಲಿ ಒಂದು ಕೆಲಸವನ್ನು ಮಾತ್ರ ಮಾಡಬೇಡಿ. ಕೀಬೋರ್ಡ್ ಜೋಡಿಸಿಯೋ, ಟಿವಿ ರಿಮೋಟಿನಿಂದಲೋ ಹೇಗೋ ದಾರಿ ಸಿಕ್ಕಿತೆಂದು ಸ್ಟಿಕ್ಕನ್ನು ಫ್ಯಾಕ್ಟರಿ ರಿಸೆಟ್ ಮಾಡಲು ಹೋಗಬೇಡಿ. ರಿಸೆಟ್ ಆದ ಮೇಲೆ ಹಳೆಯ ವೈಫೈನ ನೆನಪು ಅಳಿಸಿಹೋಗುತ್ತದೆ, ಮೊದಲ ಪರದೆಯಲ್ಲೇ ರಿಮೋಟಿನ ಗುಂಡಿ ಒತ್ತಲು ಕೇಳುತ್ತದೆ. ಆಗ ಇದ್ದ ದಾರಿಯೂ ಮುಚ್ಚಿಹೋಗುತ್ತದೆ.

ಹಂತ 1: ಎರಡು ಮೊಬೈಲ್

ಒಂದು ಹಾಟ್‌ಸ್ಪಾಟ್ ಕೊಡಲು, ಇನ್ನೊಂದು ರಿಮೋಟ್ ಆಗಲು. ಒಂದೇ ಮೊಬೈಲಿನಲ್ಲಿ ಎರಡನ್ನೂ ಮಾಡಲು ಹೊರಟು ಅರ್ಧ ದಿನ ಕಳೆದವರಿದ್ದಾರೆ. ಪಕ್ಕದ ಮನೆಯವರದ್ದಾದರೂ ಸರಿ, ಎರಡನೆಯದನ್ನು ಕೇಳಿ ಪಡೆಯಿರಿ. ನಿಮ್ಮ ಹಳೆಯ ಮನೆಯ ವೈಫೈ ಬಳಸಿದ್ದ ಮೊಬೈಲ್ ಆದರೆ ಬಹಳ ಒಳ್ಳೆಯದು, ಕಾರಣ ಮುಂದೆ ಹೇಳುತ್ತೇನೆ. ಈ ಎರಡನೆಯ ಮೊಬೈಲಿನಲ್ಲಿ ಅಮೆಜಾನ್ ಫೈರ್ ಟಿವಿ ಆ್ಯಪ್ ಹಾಕಿ, ಸ್ಟಿಕ್ಕಿನಲ್ಲಿರುವ ಖಾತೆಯಿಂದಲೇ ಲಾಗಿನ್ ಆಗಿ.

ಆ್ಯಪ್ ಹುಡುಕುವಾಗ ‘ಫೈರ್ ಟಿವಿ ರಿಮೋಟ್’ ಎಂಬಂಥ ಹೆಸರಿನ ಬೇರೆಯವರ ಆ್ಯಪ್‌ಗಳೂ ಸಾಲುಗಟ್ಟಿ ಬರುತ್ತವೆ. ಅವನ್ನು ಮುಟ್ಟಬೇಡಿ. ನಾನು ನೋಡಿದ ಕೆಲವು ಆ್ಯಪ್‌ಗಳು ಗುಂಡಿ ಒತ್ತಿದಾಗಲೆಲ್ಲ ಜಾಹೀರಾತು ತೋರಿಸಿದವು, ಇನ್ನು ಕೆಲವು ಚಂದಾ ಕೇಳಿದವು. ಇನ್ಫ್ರಾರೆಡ್ ಬಳಸಿ ನಡೆಸುತ್ತೇವೆ ಎನ್ನುವವಂತೂ ಶುದ್ಧ ಸುಳ್ಳು; ಈ ಸ್ಟಿಕ್ಕಿನಲ್ಲಿ ಇನ್ಫ್ರಾರೆಡ್ ಹಿಡಿಯುವ ಕಣ್ಣೇ ಇಲ್ಲ.

ಹಂತ 2: ಹಳೆಯ ಹೆಸರು, ಹಳೆಯ ಪಾಸ್‌ವರ್ಡ್

ನೆನಪಿನಿಂದ ಬರೆಯಬೇಡಿ. ಹಳೆಯ ಮನೆಯಲ್ಲಿ ಬಳಸಿದ ಮೊಬೈಲಿನಲ್ಲಿ ಉಳಿಸಿಕೊಂಡ ವೈಫೈಗಳ ಪಟ್ಟಿ ಇರುತ್ತದೆ. ಆಂಡ್ರಾಯ್ಡ್ 10 ಮತ್ತು ಅದರ ಮುಂದಿನ ಹಲವು ಮೊಬೈಲ್‌ಗಳಲ್ಲಿ ಆ ಹೆಸರನ್ನು ಒತ್ತಿ ‘ಶೇರ್’ ಎಂದರೆ ಕ್ಯೂಆರ್ ಚೌಕದ ಕೆಳಗೆ ಪಾಸ್‌ವರ್ಡ್ ಕಾಣುತ್ತದೆ. ಐಫೋನ್‌ನಲ್ಲಿ ಐಒಎಸ್ 16ರಿಂದ ವೈಫೈ ಪುಟದ ‘ಎಡಿಟ್’ ಒತ್ತಿ ಹಳೆಯ ಪಾಸ್‌ವರ್ಡ್‌ಗಳನ್ನು ನೋಡಬಹುದು. ಹೆಸರು, ಪಾಸ್‌ವರ್ಡ್ ಎರಡನ್ನೂ ಕಾಗದದ ಮೇಲೆ, ಕಂಡದ್ದು ಕಂಡಂತೆಯೇ ಬರೆದುಕೊಳ್ಳಿ.

ಹಂತ 3: ಎಲ್ಲರೂ ಎಡವುವ ಜಾಗ

ಮೊದಲನೆಯ ಮೊಬೈಲಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್ ತೆರೆದು, ಹಾಟ್‌ಸ್ಪಾಟಿಗೆ ಹಳೆಯ ವೈಫೈನ ಹೆಸರನ್ನೂ ಪಾಸ್‌ವರ್ಡನ್ನೂ ಇಡಬೇಕು. ಹೇಳಲು ಒಂದೇ ಸಾಲು. ಆದರೆ ಇಲ್ಲಿ ಒಂದು ಅಕ್ಷರ ತಪ್ಪಿದರೂ ಸ್ಟಿಕ್ ತಿರುಗಿ ನೋಡುವುದಿಲ್ಲ, ತಪ್ಪಿದೆಯೆಂದು ಹೇಳುವುದೂ ಇಲ್ಲ.

ಮೊದಲನೆಯ ತಪ್ಪು ಕೀಬೋರ್ಡಿನದು. ಮೊಬೈಲ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನಾಗಿಯೇ ಕ್ಯಾಪಿಟಲ್ ಮಾಡಿಬಿಡುತ್ತದೆ. ವೈಫೈ ಹೆಸರಿನಲ್ಲಿ ಕ್ಯಾಪಿಟಲ್ ಅಕ್ಷರವೇ ಬೇರೆ, ಸ್ಮಾಲ್ ಅಕ್ಷರವೇ ಬೇರೆ. ಸಲಹೆಯಾಗಿ ಬಂದ ಪದವನ್ನು ಒತ್ತಿದರೆ ಕೊನೆಯಲ್ಲಿ ಒಂದು ಖಾಲಿ ಜಾಗವೂ ಸೇರಿಕೊಳ್ಳಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಸ್ಟಿಕ್ಕಿಗೆ ಅದೂ ಒಂದು ಅಕ್ಷರವೇ. ಚಿಕ್ಕಪ್ಪನ ಮೊಬೈಲಿನಲ್ಲಿ ಆಗಿದ್ದು ಇದೇ. ಹೆಸರು ಬರೆದಾದ ಮೇಲೆ ಕರ್ಸರನ್ನು ಕೊನೆಗೆ ಒಯ್ದು ಒಮ್ಮೆ ಅಳಿಸುವ ಗುಂಡಿ ಒತ್ತಿ; ಕೊನೆಯ ಅಕ್ಷರ ಹೋದರೆ ಅದನ್ನೇ ಮತ್ತೆ ಬರೆಯಿರಿ. ಹೆಸರಿನಲ್ಲಿ ಅಪಾಸ್ಟ್ರಫಿ ಇದ್ದರೆ ಐಫೋನ್ ಕೀಬೋರ್ಡ್ ಬಾಗಿದ ಚಿಹ್ನೆ ಹಾಕುತ್ತದೆ, ರೂಟರಿನಲ್ಲಿ ಇದ್ದದ್ದು ನೆಟ್ಟಗಿನದು. ಆ ಗುಂಡಿಯನ್ನು ಒತ್ತಿ ಹಿಡಿದು ನೆಟ್ಟಗಿನದನ್ನು ಆರಿಸಿ.

ಎರಡನೆಯದು ‘5ಜಿ’ ಬಾಲ. ನಮ್ಮಲ್ಲಿ ಹಾಕಿಕೊಡುವ ಫೈಬರ್ ರೂಟರುಗಳಲ್ಲಿ ಅನೇಕವು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಿಗೆ ಎರಡೆರಡು ವೈಫೈ ಹೆಸರು ತೋರಿಸುತ್ತವೆ: ‘ಮಾನಸ’ ಎಂದೊಂದು, ‘ಮಾನಸ_5ಜಿ’ ಎಂದೊಂದು. ಸ್ಟಿಕ್ ಇದ್ದದ್ದು ಎರಡನೆಯದರಲ್ಲಿ ಎಂದಾದರೆ ಹಾಟ್‌ಸ್ಪಾಟಿನ ಹೆಸರಿಗೂ ಆ ಬಾಲ ಬೇಕು. ‘ನನ್ನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್ ಅಲ್ಲವಲ್ಲ, ಆ ಬಾಲ ಯಾಕೆ?’ ಎಂದು ಅದನ್ನು ಕಿತ್ತುಹಾಕುವವರೇ ಹೆಚ್ಚು. ಅದು ತರಂಗದ ಗುರುತಲ್ಲ, ಹೆಸರಿನ ಭಾಗ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿದ್ದರೂ ಪರವಾಗಿಲ್ಲ, ಹೆಸರು ಪೂರ್ತಿ ಇರಲಿ. ಯಾವುದರಲ್ಲಿ ಇತ್ತೆಂದು ಗೊತ್ತಿಲ್ಲದಿದ್ದರೆ ಒಂದಾದ ಮೇಲೊಂದರಂತೆ ಎರಡನ್ನೂ ಇಟ್ಟು ನೋಡಿ.

ತರಂಗದ ವಿಷಯದಲ್ಲಿ ನನ್ನ ಸಲಹೆ ಒಂದೇ, ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಡಿ. ಫೈರ್ ಟಿವಿ ಸ್ಟಿಕ್‌ಗಳು ಎರಡನ್ನೂ ಹಿಡಿಯುತ್ತವೆ, ಆದರೆ ಅಗ್ಗದ ಪೆಟ್ಟಿಗೆಗಳಲ್ಲಿ 2.4 ಮಾತ್ರ ಇರುವುದುಂಟು. ಆಂಡ್ರಾಯ್ಡಿನಲ್ಲಿ ಇದು ಹಾಟ್‌ಸ್ಪಾಟಿನ ‘ಬ್ಯಾಂಡ್’ ಆಯ್ಕೆಯಲ್ಲಿದೆ. ಐಫೋನ್ 12 ಮತ್ತು ನಂತರದವುಗಳಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬುದನ್ನು ಆನ್ ಮಾಡಬೇಕು. ಐಫೋನಿನ ಹಾಟ್‌ಸ್ಪಾಟಿಗೆ ಪ್ರತ್ಯೇಕ ಹೆಸರಿಡುವ ಜಾಗವಿಲ್ಲ. ‘ಜನರಲ್’ನ ‘ಅಬೌಟ್’ಗೆ ಹೋಗಿ ಫೋನಿನ ಹೆಸರನ್ನೇ ಬದಲಿಸಬೇಕು. ಸ್ಟಿಕ್ ಸೇರಿಕೊಳ್ಳುವವರೆಗೆ ಹಾಟ್‌ಸ್ಪಾಟ್ ಪುಟ ತೆರೆದೇ ಇರಲಿ.

ಮೂರನೆಯದು ಭದ್ರತೆಯ ಬಗೆ. ಈಚಿನ ಕೆಲವು ಮೊಬೈಲ್‌ಗಳಲ್ಲಿ ಇದು ಡಬ್ಲ್ಯುಪಿಎ3 ಎಂದಿರುತ್ತದೆ. ಮನೆಯ ರೂಟರುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಡಬ್ಲ್ಯುಪಿಎ2. ಹಾಟ್‌ಸ್ಪಾಟಿನಲ್ಲೂ ಅದನ್ನೇ ಆರಿಸಿ.

ಈಗ ನಾನು ತಪ್ಪದೆ ಮಾಡುವ ಒಂದು ಪರೀಕ್ಷೆ. ಹೊಸ ಮನೆಯ ರೂಟರನ್ನು ಸ್ವಲ್ಪ ಹೊತ್ತು ಆಫ್ ಮಾಡಿ. ಹಾಟ್‌ಸ್ಪಾಟ್ ಆನ್ ಮಾಡಿ, ಹಳೆಯ ಮನೆಯ ವೈಫೈ ಬಳಸಿದ್ದ ಎರಡನೆಯ ಮೊಬೈಲಿನ ವೈಫೈ ಆನ್ ಮಾಡಿ. ಅದಕ್ಕೂ ಹಳೆಯ ಹೆಸರು, ಪಾಸ್‌ವರ್ಡ್ ನೆನಪಿದೆ. ಅದು ಏನನ್ನೂ ಕೇಳದೆ ತಾನಾಗಿಯೇ ಹಾಟ್‌ಸ್ಪಾಟಿಗೆ ಸೇರಿಕೊಂಡರೆ ನೀವು ಬರೆದದ್ದು ಅಕ್ಷರಶಃ ಸರಿಯಾಗಿದೆ ಎಂದರ್ಥ. ಪಾಸ್‌ವರ್ಡ್ ಕೇಳಿದರೆ ಎಲ್ಲೋ ತಪ್ಪಿದೆ. ಪಾಸ್‌ವರ್ಡ್ ಕೊಟ್ಟು ಮುಂದೆ ಹೋಗಬೇಡಿ, ಹಿಂದೆ ಹೋಗಿ ಹೆಸರು ತಿದ್ದಿ. ಈ ಪರೀಕ್ಷೆಯಿಲ್ಲದಿದ್ದರೆ ತಪ್ಪು ಹೆಸರಿನದೋ ಸ್ಟಿಕ್ಕಿನದೋ ಎಂದು ಗೊತ್ತಾಗದೆ ಕತ್ತಲೆಯಲ್ಲಿ ತಡಕಾಡುತ್ತೀರಿ.

ಪರೀಕ್ಷೆ ಮುಗಿದ ಮೇಲೆ ಸ್ಟಿಕ್ಕಿನ ವಿದ್ಯುತ್ ತಂತಿ ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ. ತಂತಿಯನ್ನು ಟಿವಿಯ ಯುಎಸ್‌ಬಿ ಕಿಂಡಿಗೆ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅನೇಕ ಟಿವಿಗಳ ಕಿಂಡಿಗೆ ಅಷ್ಟು ಶಕ್ತಿ ಇರುವುದಿಲ್ಲ, ಸ್ಟಿಕ್ ನಡುನಡುವೆ ಮತ್ತೆ ಮತ್ತೆ ಚಾಲೂ ಆಗುತ್ತದೆ. ಜೊತೆಯಲ್ಲಿ ಬಂದ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿ. ಎರಡು ಮೂರು ನಿಮಿಷ ಕಾಯಿರಿ. ಹಾಟ್‌ಸ್ಪಾಟ್ ಪುಟದಲ್ಲಿ ಸೇರಿಕೊಂಡವರ ಲೆಕ್ಕ ಒಂದರಿಂದ ಎರಡಾದರೆ ಸ್ಟಿಕ್ ಬಂದಂತೆ.

ಹಂತ 4: ಹೊಸ ವೈಫೈ

ಹೊಸ ಮನೆಯ ರೂಟರನ್ನು ಮತ್ತೆ ಆನ್ ಮಾಡಿ. ಎರಡನೆಯ ಮೊಬೈಲ್ ಅದರ ಕಡೆಗೆ ಜಾರದೆ ಹಾಟ್‌ಸ್ಪಾಟಿನಲ್ಲೇ ಇದೆಯೇ ಎಂದು ಗಮನಿಸಿ. ಫೈರ್ ಟಿವಿ ಆ್ಯಪ್‌ನಲ್ಲಿ ಸ್ಟಿಕ್ಕಿನ ಹೆಸರು ಕಾಣುತ್ತದೆ. ಒತ್ತಿದಾಗ ಟಿವಿ ಪರದೆಯ ಮೇಲೆ ಮೂಡುವ ನಾಲ್ಕಂಕಿಯ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆಯಿರಿ. ಹೆಸರು ಕಾಣದಿದ್ದರೆ, ಮೊಬೈಲಿನಲ್ಲಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ದಾರಿಯಿಂದ ಹಾಯಿಸುವ ಸೌಲಭ್ಯ) ಇದ್ದರೆ ಆಫ್ ಮಾಡಿ. ಐಫೋನಾದರೆ ಆ್ಯಪ್‌ಗೆ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೊಡಿ. ಬಳಿಕ ಸೆಟ್ಟಿಂಗ್ಸ್, ನೆಟ್‌ವರ್ಕ್, ಮನೆಯ ಹೊಸ ವೈಫೈ, ಪಾಸ್‌ವರ್ಡ್.

ಈ ಕೆಲಸ ನಡೆಯುವಾಗ ಖರ್ಚಾಗುವುದು ಮೊಬೈಲ್ ಡೇಟಾ. ಪರದೆಯ ಮೇಲೆ ತಾವಾಗಿಯೇ ಓಡುವ ಸಿನಿಮಾ ತುಣುಕುಗಳಲ್ಲಿ ನಿಲ್ಲದೆ ನೇರ ಸೆಟ್ಟಿಂಗ್ಸಿಗೆ ಹೋಗಿ.

ಪಾಸ್‌ವರ್ಡ್ ಒತ್ತಿದ ತಕ್ಷಣ ಆ್ಯಪ್‌ನಲ್ಲಿ ‘ಸಂಪರ್ಕ ಕಡಿದಿದೆ’ ಎಂದು ಬರುತ್ತದೆ. ಇಲ್ಲಿ ಗಾಬರಿಯಾಗಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದವರನ್ನು ಕಂಡಿದ್ದೇನೆ. ಅದು ಸೋಲಲ್ಲ. ಸ್ಟಿಕ್ ಹೊಸ ವೈಫೈಗೆ ದಾಟಿದೆ, ಮೊಬೈಲ್ ಇನ್ನೂ ಹಾಟ್‌ಸ್ಪಾಟಿನಲ್ಲೇ ಉಳಿದಿದೆ, ಅಷ್ಟೇ. ಮೊಬೈಲನ್ನೂ ಹೊಸ ವೈಫೈಗೆ ಸೇರಿಸಿ ಆ್ಯಪ್ ಮತ್ತೆ ತೆರೆಯಿರಿ.

ಹಳೆಯ ಪಾಸ್‌ವರ್ಡ್ ಎಲ್ಲೂ ಸಿಗದಿದ್ದರೆ

ಫೈರ್ ಟಿವಿ ಸ್ಟಿಕ್ಕಿಗೆ ಹೊಂದುವ ಈಥರ್ನೆಟ್ ಅಡಾಪ್ಟರ್ ಮಾರುಕಟ್ಟೆಯಲ್ಲಿದೆ. ರೂಟರಿನಿಂದ ನೇರ ಲ್ಯಾನ್ ತಂತಿ ಎಳೆದು ಸಿಕ್ಕಿಸಿದರೆ ಸ್ಟಿಕ್ಕಿಗೆ ವೈಫೈ ಬೇಕಾಗುವುದೇ ಇಲ್ಲ, ಅದೇ ರೂಟರಿನ ವೈಫೈನಲ್ಲಿರುವ ಮೊಬೈಲಿನ ಆ್ಯಪ್ ಅದನ್ನು ಕಂಡುಹಿಡಿಯುತ್ತದೆ. ಆದರೆ ಒಂದು ದಿನದ ಕೆಲಸಕ್ಕೆ ಅದನ್ನು ಕೊಳ್ಳುವುದಕ್ಕಿಂತ ಹೊಸ ರಿಮೋಟನ್ನೇ ಕೊಳ್ಳಿ ಎನ್ನುತ್ತೇನೆ.

ರಿಮೋಟ್ ಕೊಳ್ಳುವಾಗ ಎಚ್ಚರಿಕೆ ಬೇಕು. ಅಸಲಿ ರಿಮೋಟ್ ಸ್ಟಿಕ್ಕಿನೊಂದಿಗೆ ಮಾತಾಡುವುದು ಬ್ಲೂಟೂತಿನಲ್ಲಿ. ನೋಡಲು ಹಾಗೆಯೇ ಇರುವ ಅಗ್ಗದ ನಕಲಿಯೊಂದನ್ನು ನಾನೊಮ್ಮೆ ಅಂಗಡಿಯಿಂದ ತಂದಿದ್ದೆ. ಅದರೊಳಗೆ ಬ್ಲೂಟೂತೇ ಇರಲಿಲ್ಲ, ಟಿವಿಯ ಧ್ವನಿ ಏರಿಳಿಸುವುದಷ್ಟೇ ಅದರಿಂದ ಸಾಧ್ಯವಾಯಿತು. ಪೊಟ್ಟಣದ ಮೇಲೆ ನಿಮ್ಮ ಸ್ಟಿಕ್ಕಿನ ಮಾದರಿಯ ಹೆಸರಿದೆಯೇ, ಬ್ಲೂಟೂತ್ ಎಂದು ಬರೆದಿದೆಯೇ ಎಂದು ನೋಡಿಯೇ ದುಡ್ಡು ಕೊಡಿ. ಸ್ಟಿಕ್ ಚಾಲೂ ಇರುವಾಗ ಹತ್ತಿರ ಹಿಡಿದು ಹೋಮ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿದರೆ ಅದು ಜೋಡಣೆಯಾಗುತ್ತದೆ.

ಹಂತ 5: ಮರೆಯಬಾರದ್ದು

ಮೊದಲನೆಯ ಮೊಬೈಲಿನ ಹಾಟ್‌ಸ್ಪಾಟಿಗೆ ಅದರ ಮೊದಲಿನ ಹೆಸರು, ಪಾಸ್‌ವರ್ಡನ್ನೇ ಮತ್ತೆ ಇಡಿ. ಹಾಗೆಯೇ ಬಿಟ್ಟರೆ, ಹಳೆಯ ವೈಫೈ ನೆನಪಿಟ್ಟುಕೊಂಡಿರುವ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಎಲ್ಲವೂ ನೀವು ಹಾಟ್‌ಸ್ಪಾಟ್ ಆನ್ ಮಾಡಿದಾಗಲೆಲ್ಲ ಬಂದು ಅಂಟಿಕೊಳ್ಳುತ್ತವೆ. ಚಿಕ್ಕಮ್ಮನ ಮೊಬೈಲಿನಲ್ಲಿ ಹೆಸರು ಬದಲಿಸುವುದನ್ನು ಮರೆತು ಬಂದಿದ್ದೆವು. ಮರುದಿನ ಅವರು ಹಾಟ್‌ಸ್ಪಾಟ್ ಆನ್ ಮಾಡಿದಾಗ ತಂಗಿಯ ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಂಡು ಅಪ್‌ಡೇಟ್ ಇಳಿಸಿಕೊಂಡಿತು, ಆ ದಿನದ ಡೇಟಾ ಮಧ್ಯಾಹ್ನದೊಳಗೆ ಖಾಲಿಯಾಗಿತ್ತು.