ಮೊದಲು ಅಮೆರಿಕದ ಕಾಗದ, ಆಮೇಲೆ ಬಳ್ಳಾರಿ ಟಿಕೆಟ್

ನಿಮ್ಮೂರು ಬಳ್ಳಾರಿ, ಇರೋದು ಅಮೆರಿಕದಲ್ಲಿ, ಒಂದು ಮಗು ದತ್ತು ತಗೋಬೇಕು ಅಂತ ಮನಸ್ಸಾಗಿದೆ. ಊರಿಗೆ ಫೋನ್ ಮಾಡಿ ಹೇಳಿದ ಕೂಡಲೇ ಒಂದು ಸಲಹೆ ಬಂದೇ ಬರುತ್ತೆ: "ನಮ್ಮ ಪೈಕೀನೇ ಒಂದು ಕೂಸು ಐತಿ, ಸಬ್‌ರಿಜಿಸ್ಟ್ರಾರ್ ಆಫೀಸಿನಾಗ ದತ್ತಕ ಪತ್ರ ಮಾಡಿಸಿದ್ರಾತು, ಒಂದಿನದ ಕೆಲಸ." ದಯವಿಟ್ಟು ಸಹಿ ಹಾಕಬೇಡಿ. ಬರೀ ಆ ಪತ್ರ ಹಿಡಿದು ಹೋದರೆ ಮಗುವಿಗೆ ಅಮೆರಿಕದ ವೀಸಾ ಸಿಗಲ್ಲ. ಅಷ್ಟೇ ಅಲ್ಲ, ಹೀಗೆ ಮೊದಲೇ ದತ್ತು ಮುಗಿಸಿಕೊಂಡರೆ ಆಮೇಲೆ ಸರಿದಾರಿಗೆ ಬರೋದೂ ಕಷ್ಟ. ಸ್ವಂತ ಅಣ್ಣನ ಮಗುವಾದರೂ ಈ ತೊಂದರೆ ತಪ್ಪಿದ್ದಲ್ಲ.

ಇದಕ್ಕೆಲ್ಲ ಕಾರಣ ಒಂದು ದೇಶದ ಮಗುವನ್ನು ಇನ್ನೊಂದು ದೇಶದವರು ದತ್ತು ತಗೊಳ್ಳೋ ಬಗ್ಗೆ ಇರೋ 1993ರ ಹೇಗ್ ಒಪ್ಪಂದ. ಭಾರತ 2003ರಲ್ಲಿ ಒಪ್ಪಿತು, ಅಮೆರಿಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿಯಾಯಿತು. ಮಕ್ಕಳ ಮಾರಾಟ ನಡೀಬಾರದು ಅಂತ ಎರಡೂ ದೇಶ ಒಂದೊಂದು ಹೆಜ್ಜೆಗೂ ಒಪ್ಪಿಗೆ ಮುದ್ರೆ ಒತ್ತುತ್ತವೆ. ಒಂದು ಹೆಜ್ಜೆ ಹಿಂದುಮುಂದಾದರೂ ಕೆಲಸ ಕೆಟ್ಟಿತು.

ಮೊದಲ ಪ್ರಶ್ನೆ, ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಅಮೆರಿಕದ ಸಿಟಿಜನ್ನಾ? ಹೌದು ಅಂದ್ರೆ ಮುಂದೆ ಓದಿ. ಇಬ್ಬರೂ ಗ್ರೀನ್ ಕಾರ್ಡ್ ಅಥವಾ ಎಚ್‌-1ಬಿ ಅಂದ್ರೆ ಈ ಬಾಗಿಲು ನಿಮಗೆ ತೆರೆದಿಲ್ಲ, ಏಜೆನ್ಸಿಗೆ ದುಡ್ಡು ಕಟ್ಟೋ ಮುಂಚೆ ವಲಸೆ ಲಾಯರ್ ಹತ್ತಿರ ಕೂತು ಮಾತಾಡಿ. ನಮ್ಮ ಮನೆಯವರು ಸಿಟಿಜನ್, ನಂದು ಆಗ ಗ್ರೀನ್ ಕಾರ್ಡ್. ಅಷ್ಟು ಸಾಕಾಯಿತು.

ಏಜೆನ್ಸಿ ಆರಿಸುವಾಗ ಎರಡು ನೋಡಿ. ಅಮೆರಿಕದಲ್ಲಿ ಹೇಗ್ ಮಾನ್ಯತೆ ಇರಬೇಕು, ಭಾರತದ ಕಾರಾದ ಒಪ್ಪಿಗೆಯೂ ಇರಬೇಕು. ಕಾರಾ ಅಂದ್ರೆ ದತ್ತು ವಿಷಯಕ್ಕೆ ದೆಹಲಿಯಲ್ಲಿರೋ ಕೇಂದ್ರ ಪ್ರಾಧಿಕಾರ.

ಆಮೇಲೆ ಹೋಮ್ ಸ್ಟಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ನಮ್ಮವರು ತಡವರಿಸೋದು ಇಲ್ಲೇ. ಸೋಷಿಯಲ್ ವರ್ಕರ್ ಮನೆಗೆ ಬಂದು ಸಂಬಳ, ಆರೋಗ್ಯ, ಮದುವೆ, ನಿಮ್ಮ ಬಾಲ್ಯ, ಗಂಡ ಹೆಂಡತಿ ಜಗಳ ಆಡಿದರೆ ಹೇಗೆ ರಾಜಿಯಾಗ್ತೀರಿ ಅನ್ನೋದರವರೆಗೆ ಎಲ್ಲ ಕೇಳ್ತಾರೆ. 18 ದಾಟಿದ ಮೇಲೆ ಎಲ್ಲೆಲ್ಲಿ ವಾಸ ಇದ್ರಿ ಅಂತ ಪಟ್ಟಿ ಬೇಕು, ಹಳೇ ಕೇಸು ಏನಾದರೂ ಇದ್ದರೆ ಅದು ವಜಾ ಆಗಿದ್ದರೂ ಹೇಳಲೇಬೇಕು. ಮುಚ್ಚಿಟ್ಟದ್ದು ಬೆರಳಚ್ಚಿನಲ್ಲಿ ಹೊರಗೆ ಬಿದ್ದರೆ ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತೆ. ಮನೆಯಲ್ಲಿ ವಾಸ ಇರೋ ಬೇರೆ ದೊಡ್ಡವರನ್ನೂ ಮಾತಾಡಿಸ್ತಾರೆ. ನಮ್ಮತ್ತೆ ಆಗ ಆರು ತಿಂಗಳಿಗೆ ಅಂತ ಬಂದಿದ್ದರು. "ಮಕ್ಕಳು ತಪ್ಪು ಮಾಡಿದಾಗ ನೀವು ಏನು ಮಾಡ್ತಿದ್ರಿ?" ಅಂತ ಸೋಷಿಯಲ್ ವರ್ಕರ್ ಕೇಳಿದಳು, ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅತ್ತೆ ನಗುತ್ತಾ, "ಎರಡು ಬಿಗೀತಿದ್ವಿ, ಇಲ್ಲಾಂದ್ರ ಮಾತು ಕೇಳ್ತಾವೇನು?" ಅಂದ್ರು. ಸುಳ್ಳು ಅನುವಾದ ಮಾಡೋ ಆಸೆ ಬಂತು, ಮಾಡಲಿಲ್ಲ. ಆಕೆ ಬರೆದುಕೊಂಡಳು. ಆ ಮೇಲೆ ನಾವಿಬ್ಬರೂ ಮಗುವಿಗೆ ಹೊಡೆಯಲ್ಲ ಅಂತ ಬರೆದು ಸಹಿ ಹಾಕಿದೆವು, ವಿಷಯ ಅಲ್ಲಿಗೆ ಮುಗಿಯಿತು. ಇದರ ಜೊತೆಗೆ ಕನಿಷ್ಠ 10 ಗಂಟೆ ಪಾಲಕರ ತರಬೇತಿ ಇರುತ್ತೆ, ಬೇಜಾರಿಲ್ಲದೆ ಕೂತು ಕೇಳಿ.

ಈ ವರದಿ ಆರು ತಿಂಗಳಿಗಿಂತ ಹಳೇದಾಗೋ ಮುಂಚೆ ವಲಸೆ ಇಲಾಖೆಗೆ ಐ-800ಎ ಅರ್ಜಿ (ನೀವು ದತ್ತು ತಗೊಳ್ಳೋಕೆ ಯೋಗ್ಯರು ಅಂತ ಒಪ್ಪಿಗೆ ಕೇಳೋದು) ಜೊತೆ ಕೊಡಬೇಕು. ಒಪ್ಪಿಗೆ 15 ತಿಂಗಳು ನಡೆಯುತ್ತೆ. ಅದು ಕೈಗೆ ಬಂದ ಮೇಲೆ ಏಜೆನ್ಸಿ ನಿಮ್ಮ ಕಾಗದಗಳನ್ನು ಕಾರಾದ ಕೇರಿಂಗ್ಸ್ ಪೋರ್ಟಲ್ಲಿಗೆ ಏರಿಸುತ್ತೆ. ಇಲ್ಲಿಂದ ಕಾಯೋ ಕೆಲಸ. ಮಗುವಿನ ವಿವರ ಬಂದಾಗ ಮಾತ್ರ ಓಟ, 96 ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಬೇಕು. ಆ ಟೈಮಿಗೆ ವೈದ್ಯಕೀಯ ವರದಿ ಓದಿ ಹೇಳೋ ಮಕ್ಕಳ ಡಾಕ್ಟರನ್ನು ಮುಂಚೆಯೇ ಗೊತ್ತು ಮಾಡಿಟ್ಟುಕೊಳ್ಳಿ.

ಮಗುವನ್ನು ಒಪ್ಪಿಕೊಂಡ ಮೇಲೆ ಐ-800, ಅಂದ್ರೆ ಆ ಮಗುವಿಗಾಗಿ ಹಾಕೋ ಅರ್ಜಿ. ಅದಕ್ಕೆ ತಾತ್ಕಾಲಿಕ ಒಪ್ಪಿಗೆ, ಆಮೇಲೆ ದತ್ತು ಮುಂದುವರಿಸಬಹುದು ಅಂತ ಅಮೆರಿಕದ ರಾಯಭಾರ ಕಚೇರಿ ಕೊಡೋ ಆರ್ಟಿಕಲ್ 5 ಪತ್ರ, ಆಮೇಲೆ ಕಾರಾದ ಎನ್‌ಒಸಿ, ಇದೇ ಸಾಲಿನಲ್ಲಿ. ಇವೆಲ್ಲ ಆದ ಮೇಲೆಯೇ ದತ್ತು ಆದೇಶ. 2022ರ ಸೆಪ್ಟೆಂಬರ್‌ನಿಂದ ಈ ಆದೇಶ ಕೋರ್ಟಿನದ್ದಲ್ಲ, ಜಿಲ್ಲಾಧಿಕಾರಿಯದ್ದು. ದತ್ತು ಸಂಸ್ಥೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ಡಿಸಿ. ಹೊಸಪೇಟೆ ಅಂದ್ರೆ ಬಳ್ಳಾರಿ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಆದರೆ 2021ರಿಂದ ಅದು ವಿಜಯನಗರ ಜಿಲ್ಲೆ.

ಊರಿನ ಹೆಸರೂ ತೊಂದರೆ ಕೊಡುತ್ತೆ. 2014ರ ನವೆಂಬರ್ 1ಕ್ಕೆ ‘ಬೆಲ್ಲಾರಿ’ ಹೋಗಿ ಇಂಗ್ಲಿಷಿನಲ್ಲೂ ‘ಬಳ್ಳಾರಿ’ ಆಯಿತಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಹಳೇ ಹೆಸರು, ಆಮೇಲೆ ತೆಗೆಸಿದ ಜನನ ಪ್ರಮಾಣಪತ್ರದಲ್ಲಿ ಹೊಸದು. ಒಂದು ಕಚೇರಿಯಲ್ಲಿ ಇವು ಎರಡು ಬೇರೆ ಊರು ಅಂತಾನೇ ತಿಳಿದು ಫೈಲು ವಾಪಸ್ ಮಾಡಿದರು. ಎರಡೂ ಒಂದೇ ಊರು ಅಂತ ಒಂದು ಪುಟದ ಅಫಿಡವಿಟ್ ಮಾಡಿಸಿ ಮೊದಲೇ ಇಟ್ಟುಕೊಳ್ಳಿ. ಮಗುವಿಗೆ ಹೆಸರಿಡುವಾಗ ಇನಿಶಿಯಲ್ ಬೇಡ. ಕೊನೆಯ ಹೆಸರು ಅಂತ ಒಂದು ಪೂರ್ತಿ ಪದ ಇರಲಿ, ಅಮೆರಿಕದ ಫಾರಂಗಳಿಗೆ ಅದು ಬೇಕು.

ಆದೇಶ ಆದ ಮೇಲೆ ಮಗುವಿನ ಪಾಸ್‌ಪೋರ್ಟ್, ದತ್ತು ಹೇಗ್ ಒಪ್ಪಂದದ ಪ್ರಕಾರವೇ ಆಗಿದೆ ಅನ್ನೋ ಕಾರಾದ ಕನ್ಫರ್ಮಿಟಿ ಸರ್ಟಿಫಿಕೇಟ್, ಮೆಡಿಕಲ್, ದೆಹಲಿಯಲ್ಲಿ ದತ್ತು ಮಗುವಿಗೆ ಕೊಡೋ ಐಎಚ್‌-3 ವೀಸಾ. ನಾವು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದು ವಿಮಾನ ಹಿಡಿದೆವು. ಮೂರು ವರ್ಷದ ಹುಡುಗಿ, ನಮ್ಮ ಕೈಯಲ್ಲಿ ಏನೂ ತಿನ್ನಲೊಲ್ಲಳು. ಕೊನೆಗೆ ಡಬ್ಬಿಯಲ್ಲಿದ್ದ ಒಗ್ಗರಣೆ ಮಂಡಕ್ಕಿಯನ್ನು ಅವಳೇ ಒಂದೊಂದು ಕಾಳು ಹೆಕ್ಕಿ ತಿಂದಳು, ಹಸಿಮೆಣಸಿನಕಾಯಿ ತೆಗೆದು ನನ್ನ ಅಂಗೈಗೆ ಇಟ್ಟಳು. ಬ್ಯಾಗಿನಲ್ಲಿ ಗೊತ್ತಿರೋ ರುಚಿ ಒಂದಾದರೂ ಇಟ್ಟುಕೊಂಡಿರಿ.

ಐಎಚ್‌-3ರಲ್ಲಿ ಬಂದ 18ರೊಳಗಿನ ಮಗು ನಿಮ್ಮ ಜೊತೆ ವಾಸಕ್ಕೆ ಅಂತ ಅಮೆರಿಕಕ್ಕೆ ಕಾಲಿಟ್ಟ ಕೂಡಲೇ ಸಿಟಿಜನ್. ಸರ್ಟಿಫಿಕೇಟ್ ಅಂಚೆಯಲ್ಲಿ ತಾನೇ ಬರುತ್ತೆ. ಕೆಲಸದಲ್ಲಿ ಎಫ್‌ಎಂಎಲ್‌ಎ (ಕುಟುಂಬ ರಜೆಯ ಕಾನೂನು) ಅಡಿ 12 ವಾರದ ರಜೆ ಕೇಳಬಹುದು, ಸಂಬಳ ಇರಲ್ಲ. ತೆರಿಗೆಯಲ್ಲಿ ದತ್ತು ಕ್ರೆಡಿಟ್ ಇದೆ, 2025ಕ್ಕೆ ಗರಿಷ್ಠ 17,280 ಡಾಲರ್, ಫಾರಂ 8839. ವಿದೇಶದ ಮಗುವಾದ್ದರಿಂದ ದತ್ತು ಪೂರ್ತಿಯಾದ ವರ್ಷದಿಂದಷ್ಟೇ ಕೇಳಬೇಕು. ಕಾರಾಕ್ಕೆ ಎರಡು ವರ್ಷ ವರದಿ ಹೋಗುತ್ತಿರಬೇಕು, ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು.

ಇನ್ನೊಂದು. ಮಗು ಅಮೆರಿಕನ್ ಆದ ಮೇಲೆ ಅದರ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡೋ ಹಾಗಿಲ್ಲ. ಅದನ್ನು ಒಪ್ಪಿಸಿ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಕಾರ್ಡ್) ಮಾಡಿಸಬೇಕು, ಅದಕ್ಕೂ ವಾರಗಟ್ಟಲೆ ಹಿಡಿಯುತ್ತೆ. ಹಾಗಾಗಿ ಮೊಮ್ಮಗಳನ್ನು ಯಾವಾಗ ಕರ್ಕೊಂಡು ಬರ್ತೀರಿ ಅಂತ ಅಜ್ಜಿ ಕೇಳಿದರೆ ಓಸಿಐ ಕೈಗೆ ಬರೋವರೆಗೂ ತಾರೀಕು ಹೇಳಬೇಡಿ.